ಹಳೆಯ ವಿಡಿಯೋಗಾಗಿ ಹಳೆಯ ಬ್ರೌಸರ್ ಬೇಡ



ಬೇಗೂರು ಭಾಗದ ಸಂಘಗಳ ಕಂಪ್ಯೂಟರಿನಲ್ಲಿ ಕೆಚ್ಚಲು ಬಾವಿನ ಹಳೆಯ ವಿಡಿಯೋ ಪಾಠ ತೆರೆದಾಗ ‘ಫ್ಲ್ಯಾಶ್ ಪ್ಲೇಯರ್ ಬೇಕು’ ಎಂದು ಬಂದರೆ ಏನು ಮಾಡಬೇಕು?

ಮೊದಲೆಲ್ಲ ಬ್ರೌಸರಿನಲ್ಲಿ ವಿಡಿಯೋ ಓಡಲು ಫ್ಲ್ಯಾಶ್ ಎಂಬ ತಂತ್ರಾಂಶವನ್ನು ಸೇರಿಸಬೇಕಿತ್ತು. ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಅದನ್ನು ಕೈಬಿಟ್ಟಿತು. 2021ರ ಜನವರಿ 12ರಿಂದ ಅದರಲ್ಲಿ ಏನೂ ಓಡದಂತೆ ತಡೆಯಿತು. ಈಗ ವಿಡಿಯೋವನ್ನು ಬ್ರೌಸರೇ ತೋರಿಸುತ್ತದೆ.

ಕೆಲವರು ಫೈರ್‌ಫಾಕ್ಸ್‌ನ ಹಳೆಯ ಆವೃತ್ತಿ ಅಥವಾ ಪೇಲ್ ಮೂನ್ ಎಂಬ ಬೇರೆ ಬ್ರೌಸರ್ ಹಾಕಿ, ಹಳೆಯ ಫ್ಲ್ಯಾಶ್ ಉಳಿಸಿಕೊಳ್ಳುತ್ತಾರೆ. ವಿಡಿಯೋ ಓಡಬಹುದು, ಆದರೆ ಅದರ ಲೋಪಗಳನ್ನು ಅಡೋಬಿ ಇನ್ನು ಸರಿಪಡಿಸುವುದಿಲ್ಲ. ಅವಧಿ ಮುಗಿದ ಲಸಿಕೆಯನ್ನು ನಂಬಿ, ಕಾಲುಬಾಯಿ ಜ್ವರವಿರುವ ಊರಿಗೆ ಹಸುವನ್ನು ಹೊಡೆದುಕೊಂಡು ಹೋದಂತೆ ಇದು. ನಿಮ್ಮ ಹಾಲಿನ ಲೆಕ್ಕ, ಬ್ಯಾಂಕ್ ಖಾತೆಯ ವಿವರ ಇರುವುದೂ ಅದೇ ಕಂಪ್ಯೂಟರಿನಲ್ಲಿ.

ಹೀಗೆ ಮಾಡಿ:

1. ಅದೇ ವಿಷಯದ ಹೊಸ ಪಾಠವನ್ನು ಯೂಟ್ಯೂಬ್‌ನಲ್ಲಿ ಹುಡುಕಿ.
2. ಫೈಲಿನ ಹೆಸರು ‘ಎಫ್‌ಎಲ್‌ವಿ’ ಎಂದು ಮುಗಿದರೆ ವಿಎಲ್‌ಸಿ ಪ್ಲೇಯರ್‌ನಲ್ಲಿ ತೆರೆಯಿರಿ. ಬ್ರೌಸರೇ ಬೇಕಿಲ್ಲ.
3. ‘ಎಸ್‌ಡಬ್ಲ್ಯುಎಫ್’ ಎಂದು ಮುಗಿದರೆ ರಫಲ್ ಎಂಬ ಉಚಿತ ತಂತ್ರಾಂಶದಲ್ಲಿ ನೋಡಲು ಕಾರ್ಯದರ್ಶಿಗೆ ಹೇಳಿ.
4. ಮೊಬೈಲಿಗೆ ‘ಫ್ಲ್ಯಾಶ್ ಅಪ್‌ಡೇಟ್ ಮಾಡಿ’ ಎಂದು ಬಂದರೆ ಒತ್ತಬೇಡಿ, ಅದು ಮೋಸ. ಹಣ ಹೋದರೆ ತಕ್ಷಣ 1930ಕ್ಕೆ ಕರೆ ಮಾಡಿ.

ಇನ್ನೊಂದು ಮಾತು: ಕೆಚ್ಚಲು ಊದಿಕೊಂಡು, ಹಾಲು ಒಡೆದಂತೆ ಬಂದರೆ ವಿಡಿಯೋ ಹುಡುಕುತ್ತಾ ಕೂರಬೇಡಿ. ಅಂದೇ ಪಶುವೈದ್ಯರಿಗೆ ತಿಳಿಸಿ.

– ಪಶುವೈದ್ಯಾಧಿಕಾರಿ