ಅಲ್ಪ ವ್ಯತ್ಯಾಸ, ಅಧಿಕ ಮೌಲ್ಯ: ಹಳೆಯ ಸಬ್‌ಮರೀನರ್ ಕೈಗಡಿಯಾರಗಳ ಸಂಗ್ರಹ

ಬಳಸಿದ ವಸ್ತುವಿನ ಮೌಲ್ಯ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ ಎಂಬುದು ಲೆಕ್ಕಶಾಸ್ತ್ರದ ಸಾಮಾನ್ಯ ಗ್ರಹಿಕೆ. ಕೆಟ್ಟ ಭಾಗವನ್ನು ತೆಗೆದು ಹೊಸದನ್ನು ಹಾಕಿಸಿದರೆ ಬೆಲೆ ಸುಧಾರಿಸುತ್ತದೆ ಎಂಬುದು ವರ್ತಕರ ಸಹಜ ನಿರೀಕ್ಷೆ. ಈ ನಿರೀಕ್ಷೆಯನ್ನು ಹುಸಿಗೊಳಿಸುವ ಸರಕುಗಳಲ್ಲಿ ಸ್ವಿಟ್ಜರ್‌ಲೆಂಡಿನ ರೋಲೆಕ್ಸ್ ಸಂಸ್ಥೆಯ ಸಬ್‌ಮರೀನರ್ 16610 ಮಾದರಿಯ ಕೈಗಡಿಯಾರವೂ ಒಂದು.

ಮುಳುಗುಗಾರರಿಗಾಗಿ ರೂಪುಗೊಂಡ ಸಬ್‌ಮರೀನರ್ ಶ್ರೇಣಿ 1953ರಲ್ಲಿ ಆರಂಭವಾಯಿತು. 16610 ಮಾದರಿಯು 1980ರ ದಶಕದ ಕೊನೆಯಿಂದ 2010ರವರೆಗೆ ತಯಾರಾಯಿತು. 40 ಮಿ.ಮೀ. ಉಕ್ಕಿನ ಕವಚ, 300 ಮೀಟರ್ ಆಳದವರೆಗೆ ಜಲನಿರೋಧ, ತಾನೇ ಕೀಲಿಗೊಳ್ಳುವ 3135 ಯಂತ್ರ ಇದರ ಲಕ್ಷಣಗಳು. ತೀರ ಪುರಾತನವೂ ಅಲ್ಲದ, ಹೊಸತೂ ಅಲ್ಲದ ಇಂತಹ ಗಡಿಯಾರಗಳನ್ನು ಸಂಗ್ರಾಹಕರು ‘ನಿಯೋ-ವಿಂಟೇಜ್’ ಎಂದು ಕರೆಯುತ್ತಾರೆ.

ಎರಡು ದಶಕಗಳ ಈ ಅವಧಿಯಲ್ಲಿ ಮಾದರಿ ಸಂಖ್ಯೆ ಬದಲಾಗಲಿಲ್ಲ; ಆದರೆ ಗಡಿಯಾರ ಬದಲಾಗುತ್ತಲೇ ಇತ್ತು. ಆರಂಭದ ಡಯಲ್‌ಗಳಲ್ಲಿ ಕತ್ತಲಲ್ಲಿ ಹೊಳೆಯಲು ಟ್ರಿಟಿಯಂ ಬಳಸಲಾಗಿತ್ತು. ಅವುಗಳ ಕೆಳ ಅಂಚಿನಲ್ಲಿ ‘ಸ್ವಿಸ್’ ಪದದೊಂದಿಗೆ ‘ಟಿ’ ಅಕ್ಷರವೂ 25 ಎಂಬ ಅಂಕಿಯೂ ಇರುತ್ತವೆ. 1998ರ ಸುಮಾರಿಗೆ ವಿಕಿರಣರಹಿತ ಲ್ಯೂಮಿನೋವಾ ಬಂದು, ಕೆಲಕಾಲ ‘ಸ್ವಿಸ್’ ಎಂದಷ್ಟೇ ಮುದ್ರಿತವಾಯಿತು; ಬಳಿಕ ‘ಸ್ವಿಸ್ ಮೇಡ್’ ಎಂದಾಯಿತು. 2000ದ ಸುಮಾರಿಗೆ ಸರಪಳಿಯ ಟೊಳ್ಳು ತುದಿಕೊಂಡಿಗಳು ಗಟ್ಟಿಯಾದವು. ಅನಂತರದ ವರ್ಷಗಳಲ್ಲಿ ಕವಚದ ಬದಿಯ ರಂಧ್ರಗಳು ಮರೆಯಾದವು. ಡಯಲ್ ಸುತ್ತಲಿನ ಒಳ ಉಂಗುರದ ಮೇಲೆ ಸಂಸ್ಥೆಯ ಹೆಸರು ಕೆತ್ತಲ್ಪಟ್ಟಿತು.

ಅಪಾಯ ಅಡಗಿರುವುದು ಇಲ್ಲಿಯೇ. ಟ್ರಿಟಿಯಂನ ಅರ್ಧಾಯುಷ್ಯ ಸುಮಾರು 12.3 ವರ್ಷ, ಆದುದರಿಂದ ಹಳೆಯ ಡಯಲ್‌ಗಳು ಇಂದು ಹೊಳೆಯುವುದಿಲ್ಲವೆಂದೇ ಹೇಳಬಹುದು. 1993ರಲ್ಲಿ ತಯಾರಾದ ಗಡಿಯಾರವೊಂದಕ್ಕೆ ದುರಸ್ತಿಯ ವೇಳೆ ‘ಸ್ವಿಸ್ ಮೇಡ್’ ಡಯಲ್ ಕೂರಿಸಲಾಗಿದೆ ಎಂದು ಭಾವಿಸೋಣ. ಉಪಯೋಗದ ದೃಷ್ಟಿಯಿಂದ ಅದು ಉತ್ತಮಗೊಂಡಿದೆ. ಸಂಗ್ರಾಹಕನ ದೃಷ್ಟಿಯಲ್ಲಿ ಅದರ ಮೂಲರೂಪ ನಷ್ಟವಾಗಿದೆ. ಕವಚಕ್ಕೆ ಪದೇ ಪದೇ ಪಾಲಿಶ್ ಮಾಡಿಸಿದರೂ ಇದೇ ಫಲ: ಗೀರು ಮಾಯವಾಗುತ್ತದೆ, ಜೊತೆಗೆ ಲೋಹವೂ ಸವೆಯುತ್ತದೆ.

ಆದುದರಿಂದ ಕೊಳ್ಳುವವರು ಸರಪಳಿಯನ್ನು ಬಿಚ್ಚಿಸಿ, 6 ಗಂಟೆಯ ಬದಿಯಲ್ಲಿ ಕೆತ್ತಿರುವ ಕ್ರಮಸಂಖ್ಯೆಯನ್ನು ನೋಡತಕ್ಕದ್ದು. ಅದು ಸೂಚಿಸುವ ತಯಾರಿಕೆಯ ಕಾಲಕ್ಕೆ ಡಯಲ್, ಕವಚ ಹಾಗೂ ಸರಪಳಿ ಹೊಂದುತ್ತವೆಯೇ ಎಂದು ತಾಳೆ ನೋಡಬೇಕು. ಮೂಲ ಗ್ಯಾರಂಟಿ ಪತ್ರ ಮತ್ತು ದುರಸ್ತಿಯ ರಸೀದಿಗಳನ್ನು ಕೇಳಿ ಪಡೆಯಬೇಕು. ದುರಸ್ತಿಗೆ ಕೊಡುವವರು ಯಾವ ಭಾಗವನ್ನು ಬದಲಿಸಬಾರದೆಂಬುದನ್ನು ಮೊದಲೇ ಬರೆದುಕೊಡುವುದು ಕ್ಷೇಮ. ನೀರು ತಡೆಯುವ ರಬ್ಬರ್ ಉಂಗುರಗಳನ್ನು ಮಾತ್ರ ಸಕಾಲದಲ್ಲಿ ಬದಲಿಸಲೇಬೇಕು. ಅದರಿಂದ ಸಂಗ್ರಹಮೌಲ್ಯಕ್ಕೆ ಬಾಧೆಯಿಲ್ಲ.

ನಮ್ಮ ಸಣ್ಣ ಉದ್ದಿಮೆದಾರರಿಗೂ ಇದರಲ್ಲಿ ಪಾಠವಿದೆ. ಒಂದೇ ಹೆಸರಿನ ಉತ್ಪನ್ನದಲ್ಲಿ ಆಗಾಗ ಸಣ್ಣ ಮಾರ್ಪಾಡು ಮಾಡದ ಕಾರ್ಖಾನೆ ವಿರಳ. ಅದನ್ನು ದಿನಾಂಕ ಸಮೇತ ಬರೆದಿಡುವ ಕಾರ್ಖಾನೆಗಳು ಇನ್ನೂ ವಿರಳ. ಬಿಡಿಭಾಗ ಕೇಳಿಕೊಂಡು ಹಳೆಯ ಗ್ರಾಹಕ ಬಂದಾಗ ನೆರವಾಗುವುದು ಆ ದಾಖಲೆಯೇ. ಮಾಲಿನ ಗುಣಕ್ಕೆ ಬೆಲೆಯಿದೆ. ಆ ಗುಣವನ್ನು ರುಜುವಾತುಪಡಿಸುವ ಕಾಗದಕ್ಕೂ ಬೆಲೆಯಿದೆ.