ಗಡ್ಡೆ ಮತ್ತೆ ಬಂದೀತೇ?

‘ಪೂರ್ತಿ ತೆಗೆದಿದ್ದೀರಲ್ಲ ಡಾಕ್ಟ್ರೇ, ಇನ್ನು ಬರಲ್ಲ ತಾನೆ?’ ಮಿದುಳಿನ ಗಡ್ಡೆಯ ಆಪರೇಷನ್ ಮುಗಿದ ಮೇಲೆ ಮನೆಯವರು ಕೇಳದೆ ಬಿಡದ ಪ್ರಶ್ನೆ ಇದು. ಈ ಪ್ರಶ್ನೆಗೆ ಒಂದಷ್ಟು ಉತ್ತರ, ತೆಗೆದಿಟ್ಟ ಆ ಗಡ್ಡೆಯ ಪ್ರೋಟೀನುಗಳಲ್ಲೇ ಇದೆ.

ಮಿದುಳನ್ನು ಹೊದ್ದ ಪೊರೆಯಲ್ಲಿ ಹುಟ್ಟುವ ಮೆನಿಂಜಿಯೋಮವನ್ನೇ ನೋಡಿ. ಹೆಂಗಸರಲ್ಲಿ ಹೆಚ್ಚು. ಬಹುಪಾಲು ಕ್ಯಾನ್ಸರ್ ಅಲ್ಲ, ನಿಧಾನಕ್ಕೆ ಬೆಳೆಯುತ್ತದೆ. ಆದರೂ ಕೆಲವರಲ್ಲಿ ಮರಳಿ ಬರುತ್ತದೆ. ಎಷ್ಟು ಚೊಕ್ಕಟವಾಗಿ ತೆಗೆದರೆ ಮರುಕಳಿಸುವ ಭಯ ಎಷ್ಟು ಕಡಿಮೆ ಎಂದು 1957ರಲ್ಲಿ ಡೊನಾಲ್ಡ್ ಸಿಂಪ್ಸನ್ ಲೆಕ್ಕ ಹಾಕಿದರು. ಗಡ್ಡೆಯನ್ನೂ ಅದು ಅಂಟಿಕೊಂಡ ಪೊರೆಯನ್ನೂ ತೆಗೆದವರಲ್ಲೂ ಶೇ. 9ರಷ್ಟು ಮಂದಿಗೆ ಅದು ಮತ್ತೆ ಬಂದಿತ್ತು. ಅಂದರೆ ಎಲ್ಲವೂ ಸರ್ಜನ್ನರ ಕೈಯಲ್ಲಿಲ್ಲ; ಗಡ್ಡೆಯ ಸ್ವಭಾವವೂ ಲೆಕ್ಕಕ್ಕೆ ಬರುತ್ತದೆ.

ಆ ಸ್ವಭಾವ ತಿಳಿಯಲು ಪ್ರಯೋಗಾಲಯಗಳು ಹೆಚ್ಚಾಗಿ ನೆಚ್ಚಿಕೊಂಡಿರುವ ಪ್ರೋಟೀನು ಕೀ-67. ಜರ್ಮನಿಯ ಕೀಲ್ ನಗರದಲ್ಲಿ 1983ರಲ್ಲಿ ಯೊಹಾನೆಸ್ ಗೆರ್ಡೆಸ್ ಮತ್ತು ಸಂಗಡಿಗರು ಇದನ್ನು ಗುರುತಿಸಿದರು. ಊರಿನ ಹೆಸರಿನಿಂದ ‘ಕೀ’. 96 ಗುಳಿಗಳ ತಟ್ಟೆಯಲ್ಲಿ 67ನೆಯ ಗುಳಿಯ ಪ್ರತಿಕಾಯ ಇದನ್ನು ಹಿಡಿದುಕೊಟ್ಟಿತು, ಅದರಿಂದ 67. ಕೋಶ ಇಬ್ಭಾಗವಾಗಲು ಹೊರಟಾಗ ಮಾತ್ರ ಈ ಪ್ರೋಟೀನು ಕಾಣಿಸಿಕೊಳ್ಳುತ್ತದೆ; ಸುಮ್ಮನೆ ಕೂತ ಕೋಶದಲ್ಲಿ ಇರುವುದಿಲ್ಲ. ಮೇಣದಲ್ಲಿ ಕೂರಿಸಿದ ಗಡ್ಡೆಯ ತುಣುಕನ್ನು ಕೂದಲಿಗಿಂತ ತೆಳ್ಳಗೆ ಸೀಳಿ, ಪ್ರತಿಕಾಯ ಹಾಕಿ, ಬಣ್ಣ ಕಟ್ಟುತ್ತಾರೆ. ಸೂಕ್ಷ್ಮದರ್ಶಕದಲ್ಲಿ ನೀಲಿ ಕೋಶಕೇಂದ್ರಗಳ ನಡುವೆ ಅಲ್ಲೊಂದು ಇಲ್ಲೊಂದು ಕಂದು ಚುಕ್ಕೆ. ನೂರಕ್ಕೆ ಒಂದೆರಡು ಇದ್ದರೆ ಸಮಾಧಾನ. ಹತ್ತು ಹದಿನೈದು ಕಂಡರೆ ಪೆಥಾಲಜಿಸ್ಟ್ ಮತ್ತೊಮ್ಮೆ ಎಣಿಸುತ್ತಾರೆ.

ಎಣಿಕೆಯಲ್ಲೇ ತೊಡಕೂ ಇದೆ. ಒಂದೇ ಸ್ಲೈಡನ್ನು ಇಬ್ಬರು ಎಣಿಸಿದರೆ ಎರಡು ಅಂಕಿ ಬರಬಹುದು. ಹಾಗಾಗಿ ಇದೊಂದನ್ನೇ ನಂಬುವುದು ಸರಿಯಲ್ಲ ಎಂಬುದು ನನ್ನ ನಿಲುವು. ಜೊತೆಗೆ ಇನ್ನೊಂದು ಗುರುತು ನೋಡುತ್ತಾರೆ: ಡಿಎನ್ಎ ಸುತ್ತಿಕೊಳ್ಳುವ ಹಿಸ್ಟೋನ್ ಎಂಬ ಪ್ರೋಟೀನಿನ ಮೇಲಿನ ಒಂದು ರಾಸಾಯನಿಕ ಮುದ್ರೆ. ಗಡ್ಡೆಯ ಕೋಶಗಳಲ್ಲಿ ಅದು ಅಳಿಸಿಹೋಗಿ, ಪಕ್ಕದ ರಕ್ತನಾಳದ ಕೋಶಗಳಲ್ಲಿ ಮಾತ್ರ ಕಂದು ಉಳಿದಿದ್ದರೆ, ಆ ಗಡ್ಡೆ ಮರುಕಳಿಸುವ ಸಂಭವ ಹೆಚ್ಚು. ಆಪರೇಷನ್ ಬಳಿಕ ರೇಡಿಯೇಷನ್ ಕೊಡಬೇಕೋ, ಕಾದು ನೋಡಬೇಕೋ ಎಂದು ವೈದ್ಯರು ಹಿಂದೆಮುಂದೆ ನೋಡುವ ಎರಡನೇ ದರ್ಜೆಯ ಗಡ್ಡೆಗಳಲ್ಲಿ ಇಂಥ ಸುಳಿವು ದೊಡ್ಡದು.

ಮಿದುಳಿನ ಉಗ್ರ ಕ್ಯಾನ್ಸರ್ ಗಡ್ಡೆಯಾದ ಗ್ಲಿಯೋಬ್ಲಾಸ್ಟೋಮದ ಮಾತೇ ಬೇರೆ. ಅದು ಮರಳುವುದು ಬಹುತೇಕ ಖಚಿತ. ಅಲ್ಲಿ ಪ್ರಶ್ನೆ, ಕೈಯಲ್ಲಿ ಎಷ್ಟು ಕಾಲ ಇದೆ ಎಂಬುದು. ಬೆಂಗಳೂರಿನ ನಿಮ್ಹಾನ್ಸ್‌ನ ವಾಣಿ ಸಂತೋಷ್, ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐಜಿಎಫ್‌ಬಿಪಿ-3 ಎಂಬ ಪ್ರೋಟೀನು ಹೆಚ್ಚಿದ್ದ ರೋಗಿಗಳ ಆಯುಸ್ಸು ಕಡಿಮೆ ಎಂದು ಕಂಡುಬಂತು. ನಮ್ಮ ಊರಿನ ರೋಗಿಗಳು ಕೊಟ್ಟ ತುಣುಕುಗಳಿಂದ ಹುಟ್ಟಿದ ಈ ತಿಳಿವಳಿಕೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಬರಿಯ ರಕ್ತ ಪರೀಕ್ಷೆಯಿಂದಲೇ ಇದನ್ನೆಲ್ಲ ಹೇಳುವ ಪ್ರಯತ್ನ ಇನ್ನೂ ಸಂಶೋಧನೆಯ ಹಂತದಲ್ಲಿದೆ. ಅಲ್ಲಿಯವರೆಗೆ ಆ ಮೇಣದ ತುಂಡೇ ಆಧಾರ. ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ಆಪರೇಷನ್ ಆಗಿದ್ದರೆ ಬಯಾಪ್ಸಿ ವರದಿಯನ್ನು ಜೋಪಾನವಾಗಿಡಿ, ಕೀ-67 ಎಷ್ಟಿದೆ ಎಂದು ಕೇಳಿ ತಿಳಿಯಿರಿ, ವೈದ್ಯರು ಹೇಳಿದ ಎಂಆರ್‌ಐಯನ್ನು ‘ಈಗ ಚೆನ್ನಾಗಿದ್ದಾರಲ್ಲ’ ಎಂದು ಮುಂದೂಡಬೇಡಿ.