ಪರನಾಡಿನಲ್ಲಿ ಬಾಳುವುದಕ್ಕೆ ಸಿದ್ಧತೆ



ದೂರದೇಶಕ್ಕೆ ಹೊರಟು ನಿಂತ ತರುಣನನ್ನು ಕಂಡಾಗ ನಾವು ಮೊದಲು ಕೇಳುವ ಪ್ರಶ್ನೆ, “ಪೆಟ್ಟಿಗೆಯಲ್ಲಿ ಏನೇನು ಇಟ್ಟಿದ್ದೀಯೆ?” ಎಂಬುದು. ತಾಯಿ ಉಪ್ಪಿನಕಾಯಿಯ ಜಾಡಿಯನ್ನು ತರುತ್ತಾಳೆ. ತಂದೆ ಹಣದ ಲೆಕ್ಕವನ್ನು ನೋಡುತ್ತಾನೆ. ನೆರೆಯವರು ಉಣ್ಣೆಯ ಅಂಗಿ ಬೇಕೋ ಕೊಡೆ ಬೇಕೋ ಎಂದು ಚರ್ಚಿಸುತ್ತಾರೆ. ಇವೆಲ್ಲ ಬೇಕಾದುವೇ ಸರಿ. ಆದರೆ ಪೆಟ್ಟಿಗೆಯಲ್ಲಿ ಮರೆತ ಪದಾರ್ಥವನ್ನು ಹೋದ ಊರಿನ ಅಂಗಡಿಯಲ್ಲಿ ಕೊಂಡುಕೊಳ್ಳಬಹುದು. ಆ ನಾಡಿನ ಋತುವನ್ನೂ ನುಡಿಯನ್ನೂ ನಡೆಯನ್ನೂ ತಿಳಿಯದೆ ಹೋದವನಿಗೆ ಆ ಕೊರತೆಯನ್ನು ತುಂಬಿಕೊಡುವ ಅಂಗಡಿ ಯಾವುದೂ ಇಲ್ಲ. ಈ ಮೂರು ಬಗೆಯ ಸಿದ್ಧತೆಯನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಇದನ್ನು ತಿಳಿಯುವುದಕ್ಕೆ ಆಫ್ರಿಕಕ್ಕೋ ಮಲಯಕ್ಕೋ ಹೋಗಬೇಕಾಗಿಲ್ಲ. ನಾವು ಪರದೇಶವೆಂದು ಕರೆಯುವುದು ಅಲ್ಲಿಯವರಿಗೆ ಮನೆಯಂಗಳ. ಹಾಗೆಯೇ ನಮ್ಮ ಮನೆಯಂಗಳವು ಇನ್ನೊಬ್ಬರಿಗೆ ಪರದೇಶ. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಸೀಮೆಯನ್ನೇ ತೆಗೆದುಕೊಳ್ಳಿ. ಪಡುವಣ ಕಡಲಿಗೂ ಸಹ್ಯಾದ್ರಿಗೂ ನಡುವೆ ಇರುವ ಈ ಕಿರಿದಾದ ಪಟ್ಟಿಯ ಹೆಸರನ್ನು ಕೇಳಿದವರು ಪ್ರಪಂಚದಲ್ಲಿ ಹೆಚ್ಚು ಮಂದಿ ಇಲ್ಲ. ಆದರೂ 1953ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈ ಅವರು ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ತರುವಾಯ, ನಾನಾ ದೇಶಗಳ ವಿದ್ಯಾರ್ಥಿಗಳು ಇಲ್ಲಿಗೆ ಬಂದು ವರ್ಷಗಟ್ಟಲೆ ನೆಲೆಸಿದ್ದಾರೆ. ಅಂಥವನೊಬ್ಬನು ಇಲ್ಲಿಗೆ ಬರುವ ಮುನ್ನ ಏನನ್ನು ತಿಳಿದಿರಬೇಕು? ಈ ಪ್ರಶ್ನೆಗೆ ಉತ್ತರ ಹೇಳಬಲ್ಲವನು, ತಾನು ಪರನಾಡಿಗೆ ಹೋಗುವಾಗ ಏನನ್ನು ವಿಚಾರಿಸಬೇಕೆಂಬುದನ್ನೂ ಬಲ್ಲವನಾಗುತ್ತಾನೆ.

ಮೊದಲನೆಯದು ಋತು. ಮೈಸೂರು ನಗರದಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರು ಮಳೆ. ಉಡುಪಿಯಲ್ಲಿ 4000 ಮಿಲಿಮೀಟರಿಗೂ ಮಿಕ್ಕು. ಅದರಲ್ಲಿಯೂ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳುಗಳಲ್ಲಿ ಸುರಿದುಹೋಗುತ್ತದೆ. ಆಗುಂಬೆಯ ಘಾಟಿಯನ್ನಿಳಿದು ಬಂದ ಮೈಸೂರಿನವನೇ ಇಲ್ಲಿ ಬೆರಗಾಗುವುದುಂಟು. ಒಗೆದ ಬಟ್ಟೆ ಮೂರು ದಿನವಾದರೂ ಒಣಗದು. ಪುಸ್ತಕದ ರಟ್ಟಿನ ಮೇಲೆ ಬೂಸಲು ಹಿಡಿಯುತ್ತದೆ. ಇವು ಸಣ್ಣ ತೊಂದರೆಗಳು. ಪ್ರಾಣಕ್ಕೆ ಸಂಬಂಧಿಸಿದ ಸಂಗತಿಗಳು ಬೇರೆ ಇವೆ. ಬೇಸಗೆಯಲ್ಲಿ ಮಕ್ಕಳೊಡನೆ ಆಡಬಹುದಾದ ಕಾಪುವಿನ ಕಡಲತೀರವು ಮಳೆಗಾಲದಲ್ಲಿ ಈಜು ಬಲ್ಲವನನ್ನೂ ಎಳೆದೊಯ್ಯುತ್ತದೆ. ಯಂತ್ರದ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಯ ನಿಷೇಧವಿದೆ. ಅದು ಮುಖ್ಯವಾಗಿ ಮೀನಿನ ಸಂತಾನದ ರಕ್ಷಣೆಗಾಗಿ ಮಾಡಿದ ಏರ್ಪಾಡಾದರೂ, ಕಡಲನ್ನೇ ನಂಬಿ ಬಾಳುವವರು ದೋಣಿಯನ್ನು ದಡಕ್ಕೆಳೆದಿರುವಾಗ ಹೊಸಬನು ನೀರಿಗಿಳಿಯಬಾರದೆಂಬುದಕ್ಕೆ ಬೇರೆ ಉಪದೇಶ ಬೇಕಿಲ್ಲ. ಇಲಿಜ್ವರವೆಂಬ ರೋಗವು ಇಲ್ಲಿ ಮಳೆಗಾಲದ್ದೇ. ಇಲಿಗಳ ಮೂತ್ರ ಸೇರಿದ ಗದ್ದೆಯ ಕೆಸರು, ನಿಂತ ನೀರು, ಇವುಗಳಿಂದ ಕಾಲಿನ ಗಾಯದ ಮೂಲಕ ಅದು ದೇಹವನ್ನು ಹೊಗುತ್ತದೆ. ಗಾಯವಿರುವ ಕಾಲಿನಲ್ಲಿ ಕೆಸರು ತುಳಿಯದಿರುವುದು, ಜ್ವರ ಬಂದ ಕೂಡಲೆ ವೈದ್ಯರನ್ನು ಕಾಣುವುದು, ಮಲೇರಿಯಾ ತಡೆಯಲು ಸೊಳ್ಳೆಪರದೆ ಕಟ್ಟುವುದು, ಇಷ್ಟನ್ನು ಹೊಸಬನು ಬರುವ ಮೊದಲೇ ತಿಳಿದಿರತಕ್ಕದ್ದು.

ಮಳೆಯನ್ನು ಎದುರುಗೊಳ್ಳುವ ಬಗೆಯನ್ನು ಈ ನಾಡಿನ ಗೃಹಿಣಿಯಿಂದಲೇ ಕಲಿಯಬಹುದು. ಬೇಸಗೆಯಲ್ಲಿಯೇ ಆಕೆ ಹಲಸಿನ ತೊಳೆಯನ್ನು ಉಪ್ಪಿನಲ್ಲಿ ಹಾಕಿಡುತ್ತಾಳೆ, ಹಪ್ಪಳ ಒಣಗಿಸುತ್ತಾಳೆ, ಮೀನು ತಿನ್ನುವ ಮನೆಯಾದರೆ ಒಣಮೀನನ್ನು ಕೂಡಿಸುತ್ತಾಳೆ, ಸೌದೆಯನ್ನು ಒಟ್ಟಿಸುತ್ತಾಳೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಆಟಿ ತಿಂಗಳು ಹಿಂದೆ ಹಸಿವಿನ ತಿಂಗಳಾಗಿತ್ತು. ಆಗ ಕೆಸುವಿನೆಲೆಯ ಪತ್ರೊಡೆ, ಹಲಸಿನ ಬೀಜ, ತಾನಾಗಿ ಬೆಳೆದ ಸೊಪ್ಪು ಇವೇ ಆಧಾರ. ಆಟಿಯ ಅಮಾವಾಸ್ಯೆಯ ಮುಂಜಾನೆ ಪಾಲೆಯ ಮರದ ಕಹಿಯಾದ ಕಷಾಯವನ್ನು ಕುಡಿಯುವ ವಾಡಿಕೆ ಇಂದಿಗೂ ಉಂಟು. ಯಾವ ನಾಡಿಗೆ ಹೋದರೂ ಅಲ್ಲಿಯ ಕಷ್ಟದ ತಿಂಗಳು ಯಾವುದು, ಆಗ ಆ ಜನ ಏನು ಮಾಡುತ್ತಾರೆ ಎಂಬುದನ್ನು ಮೊದಲು ಕೇಳಿರಿ. ನಕ್ಷೆಯು ತಿಳಿಸದ ಎಷ್ಟೋ ವಿಷಯಗಳು ಆ ಒಂದು ಉತ್ತರದಲ್ಲಿ ತಿಳಿಯುತ್ತವೆ.

ಎರಡನೆಯದು ನುಡಿ. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು. ಕಚೇರಿಗೂ ಶಾಲೆಗೂ ಬರೆಹಕ್ಕೂ ಇಲ್ಲಿ ಕನ್ನಡ. ಆದರೆ ಗದ್ದೆಯಲ್ಲಿಯೂ ಒಲೆಯ ಬಳಿಯಲ್ಲಿಯೂ ಬಹುಜನರು ಆಡುವುದು ತುಳು. ಗೌಡ ಸಾರಸ್ವತರ ಮನೆಯಲ್ಲಿ ಕೊಂಕಣಿ, ಕ್ರೈಸ್ತರ ಮನೆಯಲ್ಲಿ ಇನ್ನೊಂದು ಬಗೆಯ ಕೊಂಕಣಿ, ಕರಾವಳಿಯ ಮುಸಲ್ಮಾನರಲ್ಲಿ ಬ್ಯಾರಿ ಭಾಷೆ. ಒಂದೇ ನುಡಿಯನ್ನು ಕಲಿತು ನಾಡನ್ನೆಲ್ಲ ಬಲ್ಲೆನೆನ್ನುವಂತಿಲ್ಲವೆಂಬುದನ್ನು ಆ ಪರದೇಶೀಯರು ಕಂಡುಕೊಂಡರು. ಬ್ರಿಗೆಲ್ ಅವರ ತುಳು ವ್ಯಾಕರಣ 1872ರಲ್ಲಿಯೂ ಮ್ಯಾನರ್ ಅವರ ತುಳು ನಿಘಂಟು 1886ರಲ್ಲಿಯೂ ಅಚ್ಚಾದುವು. 1853ರಲ್ಲಿ ಬಂದ ಕಿಟ್ಟೆಲ್ ಅವರ ಕನ್ನಡ ನಿಘಂಟು ಹೊರಬಿದ್ದುದು 1894ರಲ್ಲಿ. ಅವರ ಉದ್ದೇಶ ಮತಪ್ರಚಾರವಾಗಿದ್ದಿತು. ಅದು ಬೇರೆ ಮಾತು. ಹೊಸ ನಾಡಿನ ನುಡಿಗಾಗಿ ಅವರು ವೆಚ್ಚ ಮಾಡಿದ ವರ್ಷಗಳು ಮಾತ್ರ ಯಾರಿಗಾದರೂ ಮೇಲ್ಪಂಕ್ತಿಯೇ.

ಎಲ್ಲರೂ ನಿಘಂಟು ಬರೆಯಬೇಕಾಗಿಲ್ಲ. ಆದರೆ ಮಣಿಪಾಲದ ಆಸ್ಪತ್ರೆಯಲ್ಲಿ ರೋಗಿಯ ಮಂಚದ ಬಳಿ ನಿಂತ ಪರದೇಶದ ವಿದ್ಯಾರ್ಥಿಯನ್ನು ಭಾವಿಸಿ ನೋಡಿ. ಹಳ್ಳಿಯಿಂದ ಬಂದ ವೃದ್ಧೆಗೆ ತುಳು ಬಿಟ್ಟು ಬೇರೆ ನುಡಿ ಬಾರದು. “ಓಲು ಬೇನೆ ಆಪುಂಡು?” ಎಂದರೆ ಎಲ್ಲಿ ನೋವಾಗುತ್ತದೆ ಎಂದು ಅರ್ಥ. ಈ ಮೂರು ಮಾತುಗಳನ್ನು ಬಲ್ಲವನಿಗೆ ಆಕೆ ಕೈಯಿಂದ ಮುಟ್ಟಿ ಜಾಗವನ್ನು ತೋರಿಸುತ್ತಾಳೆ. ಬಾರದವನ ಮುಂದೆ ಸುಮ್ಮನಿರುತ್ತಾಳೆ. ರೋಗವು ತಿಳಿಯುವುದೂ ತಪ್ಪಿಹೋಗುವುದೂ ಕೆಲವು ವೇಳೆ ಇಷ್ಟರಿಂದಲೇ. ಅಲ್ಲದೆ, ಕನ್ನಡ ಬಲ್ಲೆನೆಂಬ ಧೈರ್ಯವೂ ಇಲ್ಲಿ ಸಾಲದು. “ಬಲೆ” ಎಂದು ಮನೆಯವರು ಕರೆದಾಗ ಮೈಸೂರಿನವನಿಗೆ ಮೀನಿನ ಬಲೆ ನೆನಪಾದರೆ ಆಶ್ಚರ್ಯವಿಲ್ಲ; ತುಳುವಿನಲ್ಲಿ ಅದು “ಬನ್ನಿ” ಎಂಬ ಆದರದ ಮಾತು. ಕುಳಿತ ಮೇಲೆ ಬೆಲ್ಲ ನೀರು ಬರುತ್ತದೆ, “ಒಣಸ್ ಆಂಡಾ?”, ಊಟವಾಯಿತೆ, ಎಂಬ ಪ್ರಶ್ನೆ ಬರುತ್ತದೆ. ಆದುದರಿಂದ ಹೊರಡುವ ಮುನ್ನ ಐವತ್ತು ಮಾತುಗಳನ್ನಾದರೂ ಕಲಿಯಿರಿ. ಕಚೇರಿಯ ನುಡಿಯ ಜೊತೆಗೆ ಒಲೆಯ ಬಳಿಯ ನುಡಿ ಯಾವುದೆಂದು ವಿಚಾರಿಸಿರಿ.

ಮೂರನೆಯದು ನಡೆ, ಎಂದರೆ ಜನರ ಆಚಾರ. ಕಾರ್ಕಳವೆಂಬ ಒಂದೇ ಊರಿನಲ್ಲಿ 1432ರಲ್ಲಿ ಪ್ರತಿಷ್ಠೆಯಾದ 42 ಅಡಿಯ ಗೊಮ್ಮಟನಿದ್ದಾನೆ. 1586ರ ಚತುರ್ಮುಖ ಬಸದಿಯಿದೆ. ಕೊಂಕಣಿಗರು ಭಕ್ತಿಯಿಂದ ನಡೆದುಕೊಳ್ಳುವ ವೆಂಕಟರಮಣನ ದೇವಾಲಯವಿದೆ. ಸಮೀಪದ ಅತ್ತೂರಿನಲ್ಲಿ, 2016ರಲ್ಲಿ ಬಸಿಲಿಕದ ಪದವಿಯನ್ನು ಪಡೆದ ಸಂತ ಲಾರೆನ್ಸರ ಇಗರ್ಜಿಯಿದೆ. ಜನವರಿಯ ಅತ್ತೂರು ಜಾತ್ರೆಗೆ ಎಲ್ಲ ಮತದವರೂ ಹೋಗುತ್ತಾರೆ. ಕಾಪುವಿನ ಮಾರಿಗುಡಿಯ ಸುಗ್ಗಿಪೂಜೆಯ ರೀತಿಯೇ ಬೇರೆ. ಉಡುಪಿಯಲ್ಲಿ ಅಷ್ಟಮಠಗಳು ಎರಡು ವರ್ಷಕ್ಕೊಮ್ಮೆ ಸರದಿಯಂತೆ ಕೃಷ್ಣನ ಪೂಜೆಯನ್ನು ವಹಿಸಿಕೊಳ್ಳುವ ಪರ್ಯಾಯದ ಕ್ರಮವೇ ಬೇರೆ. ಬಂಟರಲ್ಲಿಯೂ ಬಿಲ್ಲವರಲ್ಲಿಯೂ ಮೊಗವೀರರಲ್ಲಿಯೂ ಆಸ್ತಿಯು ತಾಯಿಯ ಕಡೆಯಿಂದ ಇಳಿದುಬರುವ ಅಳಿಯಸಂತಾನದ ಕಟ್ಟು ಬಹುಕಾಲ ನಡೆದುಬಂದಿತು. 1956ರ ಉತ್ತರಾಧಿಕಾರ ಶಾಸನವಾದ ಮೇಲೆ ಆಸ್ತಿಯ ವಿಷಯ ಬದಲಾಯಿತಾದರೂ, ಮನೆಯಲ್ಲಿ ಸೋದರಮಾವನಿಗೆ ಸಲ್ಲುವ ಗೌರವದಲ್ಲಿ ಅದರ ನೆರಳನ್ನು ಇನ್ನೂ ಕಾಣಬಹುದು. ಯಜಮಾನನೆಂದರೆ ತಂದೆಯೇ ಎಂದು ತಿಳಿದು ಬಂದವನು ಇಂಥ ಮನೆಯಲ್ಲಿ ತಪ್ಪು ಮಾಡುವುದು ಸಹಜ.

ತಿಳಿಯದ ಆಚಾರಕ್ಕೆ ಅವಸರದಿಂದ ಹೆಸರಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ಬರ್ನೆಲ್ ಎಂಬ ವಿದ್ವಾಂಸರು ತುಳುವರ ದೈವಗಳ ಪಾಡ್ದನಗಳನ್ನು ಶ್ರಮಪಟ್ಟು ಸಂಗ್ರಹಿಸಿದ್ದರು. ಅವರು ತೀರಿಕೊಂಡ ಮೇಲೆ, 1894ರಿಂದ, ಆ ಸಂಗ್ರಹವು ಇಂಗ್ಲಿಷಿನಲ್ಲಿ ಪ್ರಕಟವಾದಾಗ ಅದಕ್ಕಿದ್ದ ತಲೆಬರಹದ ಅರ್ಥ, “ತುಳುವರ ಸೈತಾನಪೂಜೆ” ಎಂಬಂತಿತ್ತು. ಯಾವ ದೈವದ ಮುಂದೆ ಊರಿನವರು ಜಗಳವನ್ನು ತೀರಿಸಿಕೊಂಡು, ನುಡಿಯನ್ನು ಪಡೆದು, ಬೆಳೆಗೂ ಮಕ್ಕಳಿಗೂ ರಕ್ಷೆಯನ್ನು ಬೇಡುತ್ತಾರೋ, ಆ ದೈವಕ್ಕೆ ಸೈತಾನನೆಂದು ಹೆಸರು! ಪಾಂಡಿತ್ಯವಿದ್ದ ಕಡೆಯಲ್ಲಿಯೂ ಒಂದು ಪದದಿಂದ ಇಷ್ಟು ಅನ್ಯಾಯವಾಯಿತು. ನಾವು ಪರನಾಡಿಗೆ ಹೋದಾಗ ಅಲ್ಲಿಯವರ ಪೂಜೆಗೆ, ಊಟಕ್ಕೆ, ಉಡುಪಿಗೆ ನಮ್ಮ ನಾಲಗೆಯಿಂದ ಇಂಥ ಹೆಸರು ಬಾರದಂತೆ ಎಚ್ಚರವಿರಬೇಕು. ಅವರು ಅದನ್ನು ಏನೆಂದು ಕರೆಯುತ್ತಾರೋ ಹಾಗೆಯೇ ಕರೆಯುವುದು ಕ್ಷೇಮ.

ಇನ್ನು ಪೆಟ್ಟಿಗೆಯ ವಿಚಾರ. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಟ್ಯುನೀಸಿಯ ದೇಶದಿಂದ ಹೊರಟು ಏಡನ್ನಿನ ಮಾರ್ಗವಾಗಿ ಬಂದು ಮಂಗಳೂರಿನಲ್ಲಿ ಸುಮಾರು 17 ವರ್ಷ ನೆಲೆಸಿದ್ದನು. ಕೈರೋ ನಗರದ ಹಳೆಯ ಪ್ರಾರ್ಥನಾಮಂದಿರವೊಂದರಲ್ಲಿ ಉಳಿದುಬಂದ ಅವನ ಕಾಗದಪತ್ರಗಳಿಂದ ಇದು ತಿಳಿದಿದೆ. ಏಡನ್ನಿನ ಗೆಳೆಯರು ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ಮೊದಲಾದುವನ್ನು ಹಡಗಿನಲ್ಲಿ ಕಳುಹಿಸುತ್ತಿದ್ದರು. ಓಲೆಗರಿಯ ನಾಡಿನಲ್ಲಿ ಕಾಗದ ಸಿಕ್ಕುತ್ತಿರಲಿಲ್ಲ. ಅದಿಲ್ಲದೆ ಅವನ ವ್ಯಾಪಾರ ನಡೆಯುತ್ತಿರಲಿಲ್ಲ. ಆದರೆ ಅವನ ಕಂಚಿನ ಕೆಲಸಕ್ಕೆ ಇಲ್ಲಿಯ ಕೈಗಳೇ ನೆರವಾದುವು. ಅವನ ಪರವಾಗಿ ಸಾಗರ ದಾಟಿ ಏಡನ್ನಿಗೆ ಹೋಗಿ ವ್ಯವಹಾರ ನೋಡಿದವನು ಬೊಮ್ಮನೆಂಬ ಈ ಸೀಮೆಯ ಸೇವಕನೇ. ಹೋದ ಕಡೆ ಯಾವುದು ಸಿಕ್ಕುವುದೇ ಇಲ್ಲವೋ ಅದನ್ನು ಮಾತ್ರ ಹೊತ್ತೊಯ್ಯುವುದು, ಉಳಿದುದಕ್ಕೆ ಅಲ್ಲಿಯ ಜನರನ್ನು ನಂಬುವುದು, ಎಂಟುನೂರು ವರ್ಷಗಳಾದರೂ ಈ ಲೆಕ್ಕ ತಪ್ಪಾಗಿಲ್ಲ.

1923ರಲ್ಲಿ ಸ್ವಿಟ್ಸರ್ಲೆಂಡಿನ ವೈದ್ಯೆ ಇವಾ ಲೊಂಬಾರ್ಡ್ ಅವರು ಉಡುಪಿಯಲ್ಲಿ ಆರಂಭಿಸಿದ ಆಸ್ಪತ್ರೆಯು ಅವರ ಹೆಸರಿನಲ್ಲಿ ಇಂದಿಗೂ ನಡೆಯುತ್ತಿದೆ. ಆ ಬಳಿಕ, 1997ರಲ್ಲಿ ಮೆಲಕಾ ಮಣಿಪಾಲ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ, ಮಲೇಷ್ಯದ ತರುಣತರುಣಿಯರು ಮೊದಲ ಎರಡೂವರೆ ವರ್ಷ ಮಣಿಪಾಲದಲ್ಲಿ ಓದಿ ಅನಂತರ ಮೆಲಕಾಕ್ಕೆ ಮರಳುವ ಕ್ರಮವು ಬಹುಕಾಲ ನಡೆಯಿತು. ಮೆಲಕಾ ಊರಿನಲ್ಲಿಯೂ ಬಿಸಿಲು, ಮಳೆ, ತೆಂಗು, ಕಡಲು ಉಂಟು. ಮಲಯರು, ಚೀನೀಯರು, ತಮಿಳರು ಒಂದೇ ಬೀದಿಯಲ್ಲಿ ಬಾಳುತ್ತಾರೆ. ನಮ್ಮ ಕಡೆಯ ತರುಣನು ಅಲ್ಲಿಗೆ ಹೋದರೆ ಅರ್ಧ ಪಾಠವನ್ನು ಮನೆಯಲ್ಲಿಯೇ ಕಲಿತಂತೆ. ಆದರೆ ಹೋಲಿಕೆಯನ್ನು ನಂಬಿ ಮೈಮರೆಯಬಾರದು. ಅಲ್ಲಿಯ ಮಳೆಯ ತಿಂಗಳುಗಳು ನಮ್ಮವಲ್ಲ. ಅಲ್ಲಿಯ ಒಲೆಯ ಬಳಿಯ ನುಡಿಗಳೂ ನಮ್ಮವಲ್ಲ.

ಆದುದರಿಂದ ಪರನಾಡಿಗೆ ಹೊರಡುವವರು ಪೆಟ್ಟಿಗೆಗೆ ಬೀಗ ಹಾಕುವ ಮೊದಲು ತಮ್ಮನ್ನು ತಾವೇ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಅಲ್ಲಿಯವರಿಗೆ ಕಷ್ಟದ ತಿಂಗಳು ಯಾವುದು? ನೋವು ಎಲ್ಲಿ ಎಂದು ಅವರ ಮನೆಮಾತಿನಲ್ಲಿ ಕೇಳಬಲ್ಲೆನೆ? ಅವರು ಪೂಜ್ಯವೆಂದು ಎಣಿಸುವುದನ್ನು ಅವರೇ ಇಟ್ಟ ಹೆಸರಿನಿಂದ ಕರೆಯಬಲ್ಲೆನೆ? ಉತ್ತರ ತಿಳಿಯದಿದ್ದರೆ, ಆ ನಾಡಿನಲ್ಲಿ ಬಾಳಿ ಬಂದ ಒಬ್ಬರನ್ನು ಹುಡುಕಿಕೊಂಡು ಹೋಗಿ ಒಂದು ಸಂಜೆ ಅವರ ಎದುರಿನಲ್ಲಿ ಕುಳಿತು ಕೇಳಲಿ. ಹಾಗೆಯೇ, ನಮ್ಮ ಬಾಗಿಲಿಗೆ ಪರದೇಶದವನೊಬ್ಬನು ತೊದಲು ಮಾತಿನಲ್ಲಿ ಬಂದು ನಿಂತಾಗ ನಗದೆ “ಬಲೆ” ಎಂದು ಕರೆದು ಬೆಲ್ಲ ನೀರು ಕೊಡುವುದು ನಮ್ಮ ಪಾಲಿನ ಕರ್ತವ್ಯ. ನಾಳೆ ನಮ್ಮ ಮಕ್ಕಳೂ ಯಾರದೋ ಬಾಗಿಲಿನಲ್ಲಿ ಹಾಗೆಯೇ ನಿಲ್ಲಬೇಕಾಗಿದೆ.